ಸಂತನ ಪಾಲಿನ ಗುಟುಕು

ಬ್ರೆಜಿಲ್ ದೇಶದ ನಗರಗಳಲ್ಲಿ ಬೀದಿ ಬೀದಿಗೂ ಕಾಣಸಿಗುವ, 'ಬೊಟೆಕೊ' ಎಂದು ಹೆಸರಾದ ಸಣ್ಣ ಪಾನಗೃಹಗಳಲ್ಲಿ, ಕಬ್ಬಿನ ಹಾಲನ್ನು ಹುದುಗಿಸಿ ಬಟ್ಟಿ ಇಳಿಸಿದ 'ಕಶಾಸ' ಎಂಬ ಮದ್ಯವನ್ನು ಕುಡಿಯುವ ಮುನ್ನ ಅದರ ಒಂದೆರಡು ಹನಿಗಳನ್ನು ನೆಲಕ್ಕೆ ಚೆಲ್ಲುವ ರೂಢಿಯಿದೆ. ಆ ಪಾಲು ಸಂತನಿಗೆ ಸೇರಿದ್ದು ಎನ್ನುತ್ತಾರೆ. ಯಾವ ಸಂತ ಎಂದು ಚೆಲ್ಲುವವರು ಹೇಳುವುದಿಲ್ಲ, ಜೊತೆಯಲ್ಲಿರುವವರು ಕೇಳುವುದೂ ಇಲ್ಲ. ಪುರೋಹಿತನಿಲ್ಲದ, ಮಂತ್ರವಿಲ್ಲದ, ಸ್ವೀಕರಿಸುವವನ ಹೆಸರೂ ನಿಶ್ಚಿತವಿಲ್ಲದ ಈ ಕ್ರಿಯೆಯನ್ನು ಧರ್ಮಾಚರಣೆ ಎಂದು ಎಣಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟವರು, ನಂಬಿಕೆಯಿಂದ ಆಚರಣೆ ಹುಟ್ಟುತ್ತದೆಯೋ ಆಚರಣೆಯೊಳಗೇ ನಂಬಿಕೆ ನೆಲೆಸಿರುತ್ತದೆಯೋ ಎಂಬ ಹಳೆಯ ವಿವಾದಕ್ಕೆ ಬಂದು ಸೇರುತ್ತಾರೆ.

ರಿಯೊ ಡಿ ಜನೈರೊ ನಗರದ ಹಳೆಯ ಬೊಟೆಕೊಗಳಲ್ಲಿ, ಉಪ್ಪುಮೀನಿನ ಉಂಡೆ, ಗರಿಗರಿಯಾಗಿ ಕರಿದ ಹಂದಿಯ ಚರ್ಮ, ಕಪ್ಪು ಬೀನ್ಸ್ ಕಾಳಿನ ಸಾರು ಮೊದಲಾದ 'ಪೆಟಿಸ್ಕೊ'ಗಳು, ಅಂದರೆ ನಾಲ್ಕು ಜನ ಹಂಚಿಕೊಂಡು ತಿನ್ನುವ ಕುರುಕಲುಗಳು, ದೊರೆಯುವ ಕಟ್ಟೆಯ ಮೇಲ್ಗಡೆಯ ಗೋಡೆಯಲ್ಲಿ, ಕುದುರೆಯೇರಿ ಘಟಸರ್ಪವನ್ನು ಇರಿಯುತ್ತಿರುವ ಸಂತ ಜಾರ್ಜ್‌ನ ವಿಗ್ರಹ ಕಾಣಸಿಗುವುದು ಸಾಮಾನ್ಯ. ಕ್ಯಾಥೊಲಿಕರಿಗೆ ಆತ ಹುತಾತ್ಮ. ಆಫ್ರಿಕನ್, ಕ್ರೈಸ್ತ ಮತ್ತು ಮೂಲನಿವಾಸಿ ಪರಂಪರೆಗಳು ಬೆರೆತ 'ಉಂಬಾಂಡಾ' ಪಂಥದವರಿಗೆ ಆತನೇ ಓಗುಂ, ಎಂದರೆ ಪಶ್ಚಿಮ ಆಫ್ರಿಕದ ಯೊರುಬಾ ಜನರ ಕಬ್ಬಿಣದ ಮತ್ತು ಯುದ್ಧದ ದೈವ. ಬಹಿಯಾ ಪ್ರಾಂತದಲ್ಲಿ ಇದೇ ಸಂತನನ್ನು ಬೇಟೆಯ ದೈವವಾದ ಒಶೊಸಿಯೊಂದಿಗೆ ಸಮೀಕರಿಸುತ್ತಾರೆ. 1969ರಲ್ಲಿ ರೋಮಿನ ಚರ್ಚು ತನ್ನ ಪಂಚಾಂಗವನ್ನು ಪರಿಷ್ಕರಿಸಿ ಸಂತ ಜಾರ್ಜ್‌ನ ದಿನವನ್ನು ಐಚ್ಛಿಕ ಸ್ಮರಣೆಯ ಮಟ್ಟಕ್ಕೆ ಇಳಿಸಿತು. ರಿಯೊ ರಾಜ್ಯವಾದರೋ 2008ರಲ್ಲಿ ಏಪ್ರಿಲ್ 23ನ್ನು ಸಾರ್ವಜನಿಕ ರಜೆಯೆಂದು ಕಾನೂನಿನಿಂದಲೇ ಘೋಷಿಸಿತು. ಆ ದಿನ ಕಪ್ಪು ಬೀನ್ಸ್ ಕಾಳನ್ನು ಹಂದಿಮಾಂಸದೊಂದಿಗೆ ಬೇಯಿಸಿದ 'ಫೆಜೊವಾಡ' ದೊಡ್ಡ ಪಾತ್ರೆಗಳಲ್ಲಿ ಸಿದ್ಧವಾಗುತ್ತದೆ. ಈ ಖಾದ್ಯವೂ ಬಿಯರೂ ಓಗುಂನಿಗೆ ಪ್ರಿಯವಾದ ನೈವೇದ್ಯಗಳೆಂದು ತಿಳಿದವರೂ ತಿಳಿಯದವರೂ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ.

ಇಂಥ ಭಕ್ತಿಯನ್ನು ಕುರಿತು ಎದ್ದ ಆಕ್ಷೇಪಗಳಲ್ಲಿ ಅತ್ಯಂತ ತೂಕದ್ದು ಇತಿಹಾಸಕಾರ ಸೆರ್ಜಿಯೊ ಬುಆರ್ಕೆ ಡಿ ಒಲಾಂಡ ತನ್ನ 'ಬ್ರೆಜಿಲ್‌ನ ಬೇರುಗಳು' (1936) ಎಂಬ ಕೃತಿಯಲ್ಲಿ ಎತ್ತಿದ್ದು. ಬ್ರೆಜಿಲ್ ಜನರು ದೂರವನ್ನು ಸಹಿಸಲಾರರು, ಸಂತರನ್ನೂ ಮನೆಮಂದಿಯಂತೆ ಮುದ್ದಿನ ಹೆಸರಿನಿಂದ ಕರೆದು ಸಲಿಗೆಗೆ ಎಳೆಯುತ್ತಾರೆ, ಆ ಸಲಿಗೆಯಲ್ಲಿ ಆಚರಣೆಯ ಒಳಗಿನ ಅರ್ಥ ಮರೆಯಾಗಿ ಹೊರಗಿನ ಬಣ್ಣವಷ್ಟೇ ಉಳಿಯುತ್ತದೆ ಎಂಬುದು ಆತನ ವಾದದ ತಿರುಳು. ಸಲಿಗೆಯ ಬಗೆಗೆ ಆತ ಕಂಡದ್ದು ನಿಜ. ಆದರೆ ಸಲಿಗೆಯಿರುವಲ್ಲಿ ನಿಷ್ಠೆ ಇರಲಾರದೆಂಬ ತೀರ್ಮಾನವನ್ನು ಬೊಟೆಕೊದ ನೆಲಕ್ಕೆ ಬೀಳುವ ಆ ಹನಿಯೇ ಅಲ್ಲಗಳೆಯುತ್ತದೆ. ಬಾಯಾರಿದವನು ತನ್ನ ಮೊದಲ ಗುಟುಕಿಗಿಂತ ಮುಂಚೆ ಕಾಣದವನೊಬ್ಬನ ಪಾಲನ್ನು ತೆಗೆದಿಡುತ್ತಾನೆ. ಬೇಡಿಕೆಯನ್ನು ಸಲ್ಲಿಸುವುದಿಲ್ಲ, ಫಲವನ್ನು ಹೆಸರಿಸುವುದಿಲ್ಲ. ಯೊರುಬಾ ಮೂಲದ 'ಕಾಂಡೊಂಬ್ಲೆ' ಪಂಥದಲ್ಲಿ ಯಾವ ಪೂಜೆಯೇ ಆಗಲಿ, ದಾರಿಗಳ ಒಡೆಯನಾದ ಎಶು ಎಂಬ ದೈವಕ್ಕೆ ಮೊದಲ ಎಡೆ ಸಲ್ಲದೆ ಮುಂದುವರಿಯುವಂತಿಲ್ಲ. ದೇವತೆಗಳಿಗೆ ಪಾನವನ್ನು ಸುರಿಯುವ ವಿಧಿ ಪ್ರಾಚೀನ ಗ್ರೀಕರಲ್ಲಿಯೂ ರೋಮನ್ನರಲ್ಲಿಯೂ ಇತ್ತು. ಈ ಎಲ್ಲದರಲ್ಲಿಯೂ ಕಾಣುವುದು ಕೈಯಲ್ಲಿರುವುದು ಪೂರ್ತಿ ತನ್ನದಲ್ಲವೆಂಬ ಅರಿವು. ಸಿದ್ಧಾಂತವಾಗಿ ಬಾಯಿಂದ ಹೇಳಲಾರದವನೂ ಅದನ್ನು ಕೈಯಿಂದ ಮಾಡಬಲ್ಲ.

ಸಂತನ ಹೆಸರು ಹೇಳದಿರುವುದನ್ನು ಅಜ್ಞಾನವೆಂದು ತಳ್ಳಿಹಾಕುವವರು ಇತಿಹಾಸದತ್ತ ಒಮ್ಮೆ ನೋಡಬೇಕು. 1888ರಲ್ಲಿ ಗುಲಾಮಗಿರಿ ರದ್ದಾದ ಎರಡೇ ವರ್ಷಗಳಲ್ಲಿ ಬಂದ 1890ರ ದಂಡಸಂಹಿತೆಯು ಮಾಟ-ಮಂತ್ರವನ್ನೂ ಪ್ರೇತಾವಾಹನೆಯನ್ನೂ ಅಪರಾಧವೆಂದು ಸಾರಿತು. ಆಫ್ರಿಕನ್ ಮೂಲದ ಪೂಜಾಸ್ಥಾನಗಳ ಮೇಲೆ ದಾಳಿ ಮಾಡಿ ರಿಯೊ ಪೊಲೀಸರು ವಶಪಡಿಸಿಕೊಂಡ ಪೂಜಾವಸ್ತುಗಳು ಪೊಲೀಸ್ ವಸ್ತುಸಂಗ್ರಹದಿಂದ ಗಣರಾಜ್ಯ ವಸ್ತುಸಂಗ್ರಹಾಲಯಕ್ಕೆ ಹಸ್ತಾಂತರವಾದದ್ದು 2020ರಲ್ಲಿ. ಅದೇ ಸಂಹಿತೆ ಅಲೆಮಾರಿತನವನ್ನೂ ಅಪರಾಧವಾಗಿಸಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಿಯೊದ ದುಡಿಯುವ ಜನರ ಕೂಟಸ್ಥಳವಾಗಿದ್ದ ಇಂಥ ಪಾನಗೃಹಗಳು ಪೊಲೀಸರ ಕಣ್ಗಾವಲಿಗೆ ಒಳಗಾಗಿದ್ದುದನ್ನು ಇತಿಹಾಸಕಾರ ಸಿಡ್ನಿ ಶಲೂಬ್ ನ್ಯಾಯಾಲಯದ ಕಡತಗಳ ಆಧಾರದಿಂದ ತಮ್ಮ 1986ರ ಗ್ರಂಥದಲ್ಲಿ ನಿರೂಪಿಸಿದ್ದಾರೆ. ತನ್ನ ದೈವದ ಹೆಸರೆತ್ತಿದರೆ ಸೆರೆಮನೆ ಕಾಣಬೇಕಾಗಬಹುದಾಗಿದ್ದ ಕಾಲದಲ್ಲಿ, ಹೆಸರಿಲ್ಲದ ಸಂತನಿಗೆ ಸಲ್ಲಿಸಿದ ಹನಿಯನ್ನು ಯಾರೂ ಜಪ್ತಿ ಮಾಡುವಂತಿರಲಿಲ್ಲ.

ಇನ್ನೊಂದು ಆಕ್ಷೇಪ ಇಂದಿನದು. 2022ರ ಜನಗಣತಿಯಂತೆ ಬ್ರೆಜಿಲ್‌ನಲ್ಲಿ ಕ್ಯಾಥೊಲಿಕರು ಶೇ. 56.7, ಇವ್ಯಾಂಜೆಲಿಕಲ್ ಕ್ರೈಸ್ತರು ಶೇ. 26.9, ಉಂಬಾಂಡಾ ಮತ್ತು ಕಾಂಡೊಂಬ್ಲೆಯವರು ಶೇ. 1ರಷ್ಟು. ಇವ್ಯಾಂಜೆಲಿಕಲ್ ಕುಟುಂಬಗಳಲ್ಲಿ ಅನೇಕರು ಸೆಪ್ಟೆಂಬರ್ 27ರಂದು ಕೊಸ್ಮೆ ಮತ್ತು ಡಾಮಿಯಾವ್ ಎಂಬ ಅವಳಿ ಸಂತರ ಹೆಸರಿನಲ್ಲಿ ಮಕ್ಕಳಿಗೆ ಹಂಚುವ ಮಿಠಾಯಿಯನ್ನು, ಅನ್ಯದೈವಕ್ಕೆ ಅರ್ಪಿತವೆಂದು, ಮುಟ್ಟಗೊಡುವುದಿಲ್ಲ. ಇದನ್ನು ಬರಿಯ ಸಂಕುಚಿತತೆ ಎನ್ನುವುದು ಅನ್ಯಾಯ. ವಿಗ್ರಹಕ್ಕೆ ಎಡೆಯಿಟ್ಟ ಆಹಾರದ ಪ್ರಶ್ನೆಯನ್ನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಚರ್ಚಿಸುವ ಸಂತ ಪೌಲನು, ವಿಗ್ರಹದಲ್ಲಿ ಏನೂ ಇಲ್ಲವೆಂದು ಒಪ್ಪಿಯೂ, ಅನ್ಯರ ಅರ್ಪಣೆಯ ಬಟ್ಟಲಲ್ಲಿ ಪಾಲುಗೊಳ್ಳಬಾರದೆಂದು ಎಚ್ಚರಿಸುತ್ತಾನೆ. ಮಿಠಾಯಿಯನ್ನು ನಿರಾಕರಿಸುವ ತಾಯಿ, ಅರ್ಪಣೆಯಿಂದ ವಸ್ತು ಬದಲಾಗುತ್ತದೆ ಎಂಬುದನ್ನು, ಯೋಚಿಸದೆ ಹನಿ ಚೆಲ್ಲುವವನಿಗಿಂತ, ಗಾಢವಾಗಿ ನಂಬಿದ್ದಾಳೆ. ಈ ಅರ್ಥದಲ್ಲಿ ಅವಳೂ ಕಾಂಡೊಂಬ್ಲೆಯ ಪೂಜಾರಿಣಿಯೂ ಒಂದೇ ಸತ್ಯದ ಎರಡು ಬದಿಗಳಲ್ಲಿ ನಿಂತವರು.

ಬೊಟೆಕೊವನ್ನು ಆದರ್ಶವಾಗಿ ಚಿತ್ರಿಸಬೇಕಾಗಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಸಂತನ ಪಾಲು ಉಳಿಸಿಲ್ಲ; ಬಹುಕಾಲ ಈ ಜಾಗ ಗಂಡಸರದೇ ಆಗಿತ್ತು. ಈಚಿನ ದಶಕಗಳಲ್ಲಿ 'ಕೊಳಕು ಕಾಲು' ಎಂದು ಅಕ್ಕರೆಯಿಂದ ಕರೆಯಲಾಗುವ ಹಳೆಯ ಮಾದರಿಯ ಪಾನಗೃಹವನ್ನು ಅನುಕರಿಸಿ, ಗೋಡೆಯ ಸಂತನ ಸಹಿತ, ದುಬಾರಿ ಬಾರುಗಳು ಕಟ್ಟಲ್ಪಟ್ಟಿವೆ. ಅಲ್ಲಿ ವಿಗ್ರಹವು ಅಲಂಕಾರವಾಗಿ ಬಂದಿದೆ ಎಂಬುದು ಸರಿ, ಆದರೆ ಅಷ್ಟರಿಂದಲೇ ಅದು ಪೊಳ್ಳೆನ್ನಲಾಗದು. ಅಲ್ಲಿ ತಟ್ಟೆ ಹೊರುವವನೋ ಪಾತ್ರೆ ತೊಳೆಯುವವಳೋ ಕೆಲಸಕ್ಕೆ ನಿಲ್ಲುವ ಮುನ್ನ ಆ ವಿಗ್ರಹದತ್ತ ಕೈಯೆತ್ತಿದರೆ, ಕೊಂಡು ತಂದವನ ಉದ್ದೇಶ ಏನೇ ಇದ್ದರೂ, ಸಂತನು ಅಲ್ಲಿಯೂ ತನ್ನ ಪಾಲನ್ನು ಪಡೆಯುತ್ತಾನೆ.