ಹರಿತವೂ ದಯೆಯೇ?

ಅಮೆರಿಕದಲ್ಲಿ ಕೆಲವು ಬೇಟೆ ಹವ್ಯಾಸಿಗಳಿಗೆ ಅಂಗಡಿಯ ಬಂದೂಕು ಸಾಲದು. ಯಾವ ಕಾರ್ಖಾನೆಯೂ ತಯಾರಿಸದ ತೋಟಾವೊಂದನ್ನು ತಾವೇ ಕಲ್ಪಿಸಿಕೊಂಡು, ಅದಕ್ಕೆಂದೇ ರೈಫಲ್ ಕಟ್ಟಿಸಿಕೊಳ್ಳುತ್ತಾರೆ. ಅಂಥ ತೋಟಾಕ್ಕೆ ಅಲ್ಲಿ 'ವೈಲ್ಡ್‌ಕ್ಯಾಟ್', ಅಂದರೆ ಕಾಡುಬೆಕ್ಕು ಎಂದು ಹೆಸರು. ಬಂದೂಕು ಎಂದೊಡನೆ ಮುಖ ತಿರುಗಿಸುವ ನಾವು ಈ ಕಸುಬಿನ ವಿವರಗಳಿಗೆ ಮಾರುಹೋದದ್ದು ನಿಜ.

ಹಳೆಯ ತೋಟಾದ ಹಿತ್ತಾಳೆಯ ಕವಚವನ್ನು ಅಚ್ಚಿಗೆ ಒತ್ತಿ ಕತ್ತು ಕಿರಿದು ಮಾಡುತ್ತಾರೆ. ಅದು ಕೂರುವಂತೆ ನಳಿಗೆಯ ಹಿಂತುದಿಯನ್ನು ಲೇತಿನ ಮೇಲೆ ಕೊರೆಯುತ್ತಾರೆ. ಆಮೇಲೆ ಎರಡು ಉಕ್ಕಿನ ಗೇಜುಗಳ ಪರೀಕ್ಷೆ: ಒಂದನ್ನು ಇಟ್ಟಾಗ ಬೋಲ್ಟ್ ಮುಚ್ಚಬೇಕು, ಇನ್ನೊಂದನ್ನು ಇಟ್ಟಾಗ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ ಇಂಚಿನ ಸಾವಿರದ ಕೆಲವೇ ಭಾಗ. ಕೆಲವು ತೋಟಾಗಳಂತೂ ಮೊದಲ ಸಲ ಹಾರಿಸಿದಾಗಲೇ, ಒತ್ತಡಕ್ಕೆ ಹಿತ್ತಾಳೆ ಉಬ್ಬಿ, ತಮ್ಮ ನಿಜರೂಪ ಪಡೆಯುತ್ತವೆ. ಎಷ್ಟು ಮದ್ದು ತುಂಬಬೇಕೆಂದು ಹೇಳುವ ಕಾರ್ಖಾನೆಯ ಪಟ್ಟಿ ಇಲ್ಲ. ತಪ್ಪಿದರೆ ಸಿಡಿಯುವುದು ಸ್ವಂತ ಮುಖದೆದುರಿಗೇ.

ಕೊಲರಾಡೊದ ಟ್ರಿನಿಡಾಡ್ ಪಟ್ಟಣದಲ್ಲಿ ಪಿ.ಓ. ಆಕ್ಲಿ ಎಂಬವರು ಈ ವಿದ್ಯೆಯನ್ನು ಕಾಲೇಜಿನಲ್ಲೇ ಕಲಿಸಿದರು. 1915ರ .250-3000 ಸವೇಜ್ ತೋಟಾದ ಕತ್ತು ಕಿರಿದು ಮಾಡಿ ಹುಟ್ಟಿಸಿದ .22-250 ದಶಕಗಳ ಕಾಲ ಕಾಡುಬೆಕ್ಕಾಗಿಯೇ ಇತ್ತು. 1965ರಲ್ಲಿ ರೆಮಿಂಗ್ಟನ್ ಕಂಪೆನಿ ಅದನ್ನು ಮನೆಬೆಕ್ಕು ಮಾಡಿಕೊಂಡಿತು!

ಇಷ್ಟೊಂದು ಶ್ರದ್ಧೆ, ಕೊಲ್ಲುವ ವಸ್ತುವಿನ ಮೇಲೆ. ಇದನ್ನು ಸದ್ಗುಣ ಎನ್ನೋಣವೇ? ನೇರ ನಾಟುವ ಗುಂಡೇ ಪ್ರಾಣಿಗೆ ತೋರುವ ದಯೆ ಎಂಬುದು ಬೇಟೆಗಾರನ ಉತ್ತರ. ಈ ಮಾತು ನಮಗೆ ಹೊಸದಲ್ಲ. ಜಬಹ್ ಮಾಡುವಾಗಲೂ ಇಹ್ಸಾನ್ ಇರಲಿ, ಚೂರಿ ಹರಿತವಾಗಿರಲಿ, ಪ್ರಾಣಿ ನರಳದಿರಲಿ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಬಕ್ರೀದಿಗೆ ಮುಂಚೆ ಚೂರಿಗೆ ಸಾಣೆ ಹಿಡಿಸುವ ಮುದುಕರು ಅಂಚನ್ನು ಉಗುರಿನ ಮೇಲಿಟ್ಟು ನೋಡುವುದನ್ನು ನಾವು ಕಂಡಿದ್ದೇವೆ. ಆ ಎಚ್ಚರವನ್ನು ಕ್ರೌರ್ಯ ಎನ್ನಲಾಗದು.

ಆದರೆ ಚೂರಿಯ ಮುಂದೆ ಪ್ರಾಣಿಯೊಂದು ಕಣ್ಣೆದುರೇ ಇರುತ್ತದೆ. .22-250 ಹೆಚ್ಚಾಗಿ ಬಳಕೆಯಾಗುವುದು ಕಯೋಟಿ ಎಂಬ ಕಾಡುನಾಯಿಗಳ ಮೇಲೆ, ಅಳಿಲಿನ ಬಳಗಕ್ಕೆ ಸೇರಿದ ಪ್ರೇರಿ ಡಾಗ್ ಎಂಬ ಬಿಲದ ಜೀವಿಗಳ ಮೇಲೆ. ತನ್ನ ಕುರಿ, ಹುಲ್ಲುಗಾವಲು ಉಳಿಸಿಕೊಳ್ಳಲು ಹೊರಟ ರೈತನನ್ನು ದೂರಲು ನಮಗೆ ಬಾಯಿಲ್ಲ. ನೂರಾರು ಗಜ ದೂರದಿಂದ ರೈಫಲಿನ ಕಸುವು ನೋಡಲೆಂದೇ ಬಂದವನ ಸಂಗತಿ ಬೇರೆ. ಅವನು ತಿನ್ನುವುದಿಲ್ಲ, ಅವನಿಗೆ ಹಗೆಯೂ ಇಲ್ಲ. ದಯೆಗೆಂದು ಹುಟ್ಟಿದ ನಿಖರತೆ ಇಲ್ಲಿ ತನ್ನನ್ನೇ ಮೆಚ್ಚಿಕೊಳ್ಳತೊಡಗಿದೆ. ಜೀವ ಬರೀ ಅಳತೆಗೋಲು. ಚಂದದ ವಾಕ್ಯದ ಆಸೆಗೆ ಪಾತ್ರವನ್ನು ಬಲಿ ಕೊಡುವ ಕತೆಗಾರರಾದ ನಮಗೆ ಈ ಜಾರುವಿಕೆ ಗೊತ್ತು.

ಕಾಗದದ ಗುರಿಗೆ ಹೊಡೆಯುವವನೊಂದಿಗೆ ನಮ್ಮ ತಕರಾರಿಲ್ಲ. ಬಿಲ್ಲುವಿದ್ಯೆಯನ್ನು ಪ್ರೋತ್ಸಾಹಿಸಿದ ಪ್ರವಾದಿ(ಸ)ಯವರೇ ಜೀವವಿರುವುದನ್ನು ಗುರಿಹಲಗೆ ಮಾಡಬೇಡಿ ಎಂದರು. ಒಮ್ಮೆ ಕುರೈಶರ ಕೆಲವು ಹುಡುಗರು ಹಕ್ಕಿಯೊಂದನ್ನು ಕಟ್ಟಿಹಾಕಿ ಬಾಣ ಬಿಡುತ್ತಿದ್ದರು. ಗುರಿ ತಪ್ಪಿದ ಬಾಣವೆಲ್ಲ ಹಕ್ಕಿಯ ಒಡೆಯನಿಗೆ ಎಂಬುದು ಕರಾರು. ಅಂದರೆ ಪ್ರತಿಯೊಬ್ಬರಿಗೂ ಲೆಕ್ಕವಿತ್ತು, ಹಕ್ಕಿಯೊಂದಕ್ಕೆ ಬಿಟ್ಟು. ಆ ದಾರಿಯಲ್ಲಿ ಇಬ್ನು ಉಮರ್ ಬರುವುದನ್ನು ಕಂಡದ್ದೇ ತಡ, ಹುಡುಗರು ಚದುರಿಹೋದರು.