ಮೊದಲ ವರ್ಷದ ಗೋಲುಗಳು

ಕೆನಡಾ, ಅಮೆರಿಕಗಳಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ನಮ್ಮ ಧ್ಯಾನಚಂದರ ಹಾಕಿಯಲ್ಲ. ಅಲ್ಲಿ ನ್ಯಾಷನಲ್ ಹಾಕಿ ಲೀಗ್ ಮೇಲಿನ ಮೆಟ್ಟಿಲು, ಅಮೆರಿಕನ್ ಹಾಕಿ ಲೀಗ್ ಅದರ ಕೆಳಗಿನದು. ಕೆಳಗೆ ಹೊಸದಾಗಿ ಬಂದ ಹುಡುಗ ಮೊದಲ ವರ್ಷವೇ ಗೋಲುಗಳ ಮಳೆಗರೆದರೆ ಮೇಲೆಯೂ ಮೆರೆಯುವನೆನ್ನಬಹುದೇ? ಪ್ರಶ್ನೆ ಗಣಿತದ್ದೆಂದು ತೋರುತ್ತದೆ. ಅದರೊಳಗೆ ನ್ಯಾಯದ ಪ್ರಶ್ನೆಯೂ ಅಡಗಿದೆ ಎಂಬುದು ನನ್ನ ಎಣಿಕೆ.

1986-87ರಲ್ಲಿ ಬ್ರೆಟ್ ಹಲ್ ಎಂಬಾತ ಮಾಂಕ್ಟನ್ ತಂಡದ ಪರವಾಗಿ 50 ಗೋಲು ಹೊಡೆದ. 1988-89ರಲ್ಲಿ ಶೆರ್‌ಬ್ರೂಕ್‌ನ ಸ್ಟೆಫಾನ್ ಲೆಬೋ 70 ಹೊಡೆದ. ಹೊಸಬರಿಗೆ ಮೀಸಲಾದ ಪ್ರಶಸ್ತಿ ಇಬ್ಬರಿಗೂ ಬಂತು. ಮೇಲಿನ ಲೀಗಿನಲ್ಲಾದರೋ ಹಲ್ ಒಟ್ಟು 741 ಗೋಲು ಗಳಿಸಿದ; ಲೆಬೋ 373 ಪಂದ್ಯಗಳಲ್ಲಿ 118 ಗಳಿಸಿ ಸ್ವಿಟ್ಜರ್‌ಲೆಂಡಿಗೆ ಆಡಲು ಹೋದ. ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಬಲ್ಲವರು ಹೇಳುತ್ತಾರೆ: ಕಿರಿಯನು ಹೊಡೆದ ಗೋಲಿಗೆ ಬೆಲೆ ಹೆಚ್ಚು. ಮಾತು ಒಪ್ಪತಕ್ಕದ್ದೇ. 2015-16ರಲ್ಲಿ ಹತ್ತೊಂಬತ್ತರ ಮಿಕ್ಕೊ ರಾಂಟನೆನ್ 52 ಪಂದ್ಯಗಳಲ್ಲಿ 60 ಅಂಕ ಗಳಿಸಿ ಮುಂದೆ ದೊಡ್ಡ ಆಟಗಾರನಾದ. ಆದರೆ ನಮ್ಮಿಬ್ಬರಲ್ಲಿ ಕಿರಿಯ ಲೆಬೋ!

ನೂರು ಹುಡುಗರ ವಿಷಯದಲ್ಲಿ ಸಂಖ್ಯೆ ಹೇಳುವುದು ಬಹುಮಟ್ಟಿಗೆ ನಿಜವಾದೀತು. ಪಂದ್ಯಕ್ಕೆ ಇಳಿಯುವವರು ಇಪ್ಪತ್ತೇ ಜನ. ಯಾರನ್ನೋ ಆರಿಸಲೇಬೇಕು, ಅದಕ್ಕೊಂದು ಅಳತೆ ಬೇಕು. ಇದರಲ್ಲಿ ಅನ್ಯಾಯವಿಲ್ಲ. ತೊಡಕಿರುವುದು ಆಮೇಲೆ. ಭವಿಷ್ಯವುಳ್ಳವನೆಂದು ಹೆಸರಾದವನಿಗೆ ಹೆಚ್ಚು ಹೊತ್ತು ಆಟ, ಒಳ್ಳೆಯ ಜೊತೆಗಾರರು; ಗೋಲು ಬಾರದೇ ಇದ್ದೀತೇ? ಇನ್ನೊಬ್ಬನನ್ನು ನಾಲ್ಕು ನಿಮಿಷ ಆಡಿಸಿ ಬೆಂಚಿಗೆ ಕರೆದು, "ನೋಡಿ, ಇವನಿಂದಾಗಲಿಲ್ಲ" ಎಂದರೆ ಅಲ್ಲಿ ಸಂಖ್ಯೆ ಸಾಕ್ಷಿಯಾಗಿ ಉಳಿಯುವುದಿಲ್ಲ, ತೀರ್ಪಾಗಿಬಿಡುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿ ಹಿಡಿದು ಮಕ್ಕಳ ಜಾತಕ ಬರೆಯುವ ನಮ್ಮ ಮನೆಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಲ್‌ನನ್ನೇ ನೋಡಿ. ಕ್ಯಾಲ್ಗರಿ ತಂಡ 1988ರ ಮಾರ್ಚಿನಲ್ಲಿ ಅವನನ್ನು ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟಿತು. ಅಲ್ಲಿ ಅವನಿಗೆ ಜಾಗ ಸಿಕ್ಕಿತು. 1990-91ರ ಒಂದೇ ಋತುವಿನಲ್ಲಿ 86 ಗೋಲು. ಕ್ಯಾಲ್ಗರಿ ಕೆಟ್ಟಿತೇ? ಅದೂ ಇಲ್ಲ, 1989ರಲ್ಲಿ ಅದು ಸ್ಟಾನ್ಲಿ ಕಪ್ ಗೆದ್ದಿತು. ಒಂದು ತಂಡದ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಅದು ಬಿಟ್ಟುಕೊಟ್ಟ ಮನುಷ್ಯ ಬೆಲೆಯಿಲ್ಲದವನಾಗುವುದಿಲ್ಲ.

ಇನ್ನು ಲೆಬೋ ಸೋತನೆನ್ನುವವರು ಯಾವ ಅರ್ಥದಲ್ಲಿ ಹೇಳುತ್ತಾರೋ ತಿಳಿಯದು. 70 ಗೋಲಿನ ಹುಡುಗ ಇನ್ನೂ ಎಷ್ಟು ಹೊಡೆಯಬೇಕಿತ್ತೆಂಬ ನಿರೀಕ್ಷೆ ನೋಡುವವರದು, ಅವನದಲ್ಲ. 1992-93ರಲ್ಲಿ ಅವನು ಮಾಂಟ್ರಿಯಲ್ ಪರ 31 ಗೋಲು ಹೊಡೆದ. ಆ ವರ್ಷ ಕಪ್ ಮಾಂಟ್ರಿಯಲ್ ಪಾಲಾಯಿತು, ಅದರ ಮೇಲೆ ಅವನ ಹೆಸರನ್ನೂ ಕೆತ್ತಿದ್ದಾರೆ.