ಕೊಳ್ಳುವುದು ಏನನ್ನು? ಮನೆ, ಸ್ವತ್ವ ಮತ್ತು ಋಣ

ಸ್ವತ್ವ ಎಂದರೆ ಒಂದು ವಸ್ತು ಇಂಥವರದು ಎನ್ನುವ ಸಂಬಂಧ. ಗೋಡೆ, ಚಾವಣಿ, ನೆಲ ಕಣ್ಣಿಗೆ ಕಾಣುತ್ತವೆ, ಸ್ವತ್ವ ಕಾಣುವುದಿಲ್ಲ. ಮನೆ ಕೊಳ್ಳುವವರು ಹಣ ಕೊಡುವುದು ಮಾತ್ರ ಕಾಣದ ಈ ಸಂಬಂಧಕ್ಕೆ. ಮೊದಲ ಸಲ ಮನೆ ಕೊಳ್ಳುವವರ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಕಾಣುವುದನ್ನೇ ನೋಡಿ, ಕಾಣದ್ದನ್ನು ನಂಬಿಕೆಗೆ ಬಿಡುವುದರಿಂದ. ಈ ಸಂಬಂಧ ಎಲ್ಲಿಂದ ಹುಟ್ಟುತ್ತದೆ, ಅದನ್ನು ತಿಳಿಯುವುದು ಹೇಗೆ ಎಂಬುದನ್ನು ಧರ್ಮಶಾಸ್ತ್ರಕಾರರು ತತ್ತ್ವದ ಪ್ರಶ್ನೆಯಾಗಿಯೇ ಚರ್ಚಿಸಿದ್ದಾರೆ. ಅದಕ್ಕೆ ಸಿಕ್ಕ ಅತ್ಯಂತ ಪ್ರಭಾವಶಾಲಿ ಉತ್ತರ ಕನ್ನಡ ನೆಲದ್ದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಅದು ಇದೆ.

ಪ್ರಶ್ನೆ ಹೀಗಿದೆ: ಸ್ವತ್ವವನ್ನು ತಿಳಿಯುವುದು ಶಾಸ್ತ್ರದಿಂದಲೋ, ಲೋಕವ್ಯವಹಾರದಿಂದಲೋ? ಶಾಸ್ತ್ರದಿಂದಲೇ ಎನ್ನುವವರ ವಾದಕ್ಕೆ ಬಲವಿತ್ತು. ಸ್ವತ್ವ ಬರೀ ಲೌಕಿಕವಾದರೆ ಯಾರ ಕೈಯಲ್ಲಿ ವಸ್ತುವಿದೆಯೋ ಅದು ಅವರದೇ ಆಗಿಬಿಡುತ್ತದೆ; ಆಗ ನನ್ನದನ್ನು ಇವನು ಕದ್ದ ಎಂಬ ದೂರಿಗೇ ಅರ್ಥವಿರುವುದಿಲ್ಲ. ವಿಜ್ಞಾನೇಶ್ವರ ಇದನ್ನು ಒಪ್ಪಲಿಲ್ಲ. ಶಾಸ್ತ್ರದ ಪರಿಚಯವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ಆದ್ದರಿಂದ ಸ್ವತ್ವ ಲೌಕಿಕವೇ ಎಂದ. ಆದರೆ ಲೌಕಿಕ ಎಂದರೆ ಕೈವಶ ಎಂದಲ್ಲ. ಕ್ರಯ, ದಾಯ, ವಿಭಾಗ ಮುಂತಾಗಿ ಲೋಕ ಒಪ್ಪಿದ ಕಾರಣದಿಂದ ಬಂದರೆ ಮಾತ್ರ ಅದು ಸ್ವತ್ವ. ಕಳ್ಳನ ಕೈಯಲ್ಲಿರುವುದಕ್ಕೆ ಅಂಥ ಕಾರಣವಿಲ್ಲ. ಮನೆ ಕೊಳ್ಳುವವರಿಗೆ ಈ ಒಂದು ತೀರ್ಮಾನವೇ ದೊಡ್ಡ ಬುದ್ಧಿಮಾತು. ಮಾರುವವರ ಬಳಿ ಕೀಲಿಕೈ ಇದೆ, ಅವರು ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾರೆ ಎಂಬುದು ಸಾಲದು. ಅವರಿಗೆ ಅದು ಯಾವ ಕಾರಣದಿಂದ ಬಂತು, ಅವರಿಗೆ ಕೊಟ್ಟವರಿಗೆ ಯಾವ ಕಾರಣದಿಂದ ಬಂದಿತ್ತು ಎಂದು ಹಿಂದೆ ಹಿಂದೆ ಹೋಗಿ ನೋಡಬೇಕು. ವಕೀಲರು ಮೂಲಪತ್ರದಿಂದ ಹಿಡಿದು ಇಂದಿನ ಕ್ರಯಪತ್ರದವರೆಗಿನ ಸರಪಳಿಯನ್ನು ಕೇಳುವುದು ಇದಕ್ಕೇ. ನಡುವೆ ಒಂದು ಕೊಂಡಿ ಕಳಚಿದ್ದರೆ ಮುಂದಿನವೆಲ್ಲ ಸಡಿಲ.

ವಿವಾದ ಬಂದಾಗ ಸ್ವತ್ವವನ್ನು ಸ್ಥಾಪಿಸಲು ಯಾಜ್ಞವಲ್ಕ್ಯಸ್ಮೃತಿ ಮೂರು ಮಾನುಷ ಪ್ರಮಾಣಗಳನ್ನು ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಪತ್ರ, ಅನುಭೋಗ, ಜನರ ಮಾತು. ಮೂರೂ ಒಂದಕ್ಕೊಂದು ಒಪ್ಪಬೇಕು ಎನ್ನುವುದು ಇಂದಿಗೂ ಒಳ್ಳೆಯ ಕ್ರಮ. ಪತ್ರ ಸರಿಯಿದ್ದು ಮನೆಯಲ್ಲಿ ಬೇರೆಯವರಿದ್ದರೆ ಅನುಮಾನಿಸಬೇಕು. ಮನೆಯಲ್ಲಿ ಮಾರುವವರೇ ಇದ್ದು ಪತ್ರ ಬೇರೆ ಹೆಸರಿನಲ್ಲಿದ್ದರೆ ಇನ್ನೂ ಹೆಚ್ಚು ಅನುಮಾನಿಸಬೇಕು. ಕಾಗದಗಳಲ್ಲಿಯೂ ಯಾವುದು ಯಾವುದಕ್ಕೆ ಪ್ರಮಾಣ ಎಂಬ ವಿವೇಕ ಬೇಕು. ಖಾತೆ ಕಂದಾಯ ಕಟ್ಟುವವರ ಹೆಸರನ್ನು ಹೇಳುತ್ತದೆ. ಅದು ಒಡೆತನದ ಪತ್ರವಲ್ಲ. ಜನ ಇಸಿ ಎಂದು ಕರೆಯುವ ಋಣಭಾರ ಪ್ರಮಾಣಪತ್ರ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣದೆ ಇರಬಹುದು. ಉಪನೋಂದಣಾಧಿಕಾರಿ ನೋಂದಾಯಿಸುವುದು ದಸ್ತಾವೇಜನ್ನು. ಮಾರುವವರ ಒಡೆತನಕ್ಕೆ ಸರ್ಕಾರ ಅಲ್ಲಿ ಜಾಮೀನು ನಿಲ್ಲುವುದಿಲ್ಲ. ‘ರಿಜಿಸ್ಟ್ರೇಷನ್ ಆಗಿದೆಯಲ್ಲ’ ಎಂಬ ಸಮಾಧಾನ ಹಲವು ಕುಟುಂಬಗಳನ್ನು ಬೀದಿಗೆ ತಂದಿದೆ.

ಭೂಮಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಬಗೆಯನ್ನು ಹೇಳುವ ಒಂದು ಹಳೆಯ ವಚನವನ್ನು ಮಿತಾಕ್ಷರಾ ಎತ್ತಿಕೊಳ್ಳುತ್ತದೆ. ಆರು ಸಂಗತಿಗಳು ಕೂಡಬೇಕು: ಊರಿನವರ, ಜ್ಞಾತಿಗಳ, ನೆರೆಯವರ, ದಾಯಾದರ ಅನುಮತಿ, ಜೊತೆಗೆ ಚಿನ್ನ ಮತ್ತು ನೀರು. ಸ್ಥಿರಾಸ್ತಿಯನ್ನು ಮಾರಬಾರದು ಎಂಬ ಹಳೆಯ ನಿಷೇಧವನ್ನು ಮೀರದಂತೆ, ಕ್ರಯವನ್ನೂ ದಾನದ ರೂಪದಲ್ಲಿ ಧಾರೆಯೆರೆದು ಮಾಡಬೇಕೆಂದು ಚಿನ್ನ, ನೀರಿನ ಮಾತು ಬಂತು. ಹೆಚ್ಚು ಅರ್ಥವಿರುವುದು ಅನುಮತಿಗಳಲ್ಲಿ. ಊರಿನವರು ಒಪ್ಪದಿದ್ದರೆ ವ್ಯವಹಾರ ನಿಲ್ಲುವುದಿಲ್ಲವೆಂದೇನೂ ಅಲ್ಲ, ಅದು ಬಹಿರಂಗವಾಗಬೇಕು ಎಂಬುದಕ್ಕೆ ಅವರ ಅನುಮತಿ. ಗಡಿಯ ತಕರಾರು ಬಾರದಿರಲಿ ಎಂದು ನೆರೆಯವರದು. ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳದಿರಲಿ ಎಂದು ಬಂಧುಗಳದು ಎಂದು ವಿಜ್ಞಾನೇಶ್ವರ ಕಾರಣ ಕೊಡುತ್ತಾನೆ. ಅಂದರೆ ಸ್ವತ್ವ ಕೊಳ್ಳುವವರು ಮತ್ತು ಮಾರುವವರ ನಡುವೆ ಗುಟ್ಟಾಗಿ ಕೈಬದಲಾಗುವ ವಸ್ತುವಲ್ಲ. ಸುತ್ತಲಿನ ಜನರಿಗೆ ಗೊತ್ತಿದ್ದಾಗಲೇ ಅದು ತಕರಾರಿಲ್ಲದೆ ಉಳಿಯುತ್ತದೆ.

ಇಂದಿನ ಕ್ರಮದಲ್ಲಿ ಊರಿನ ಸ್ಥಾನದಲ್ಲಿ ನೋಂದಣಿ ಕಚೇರಿ ಇದೆ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ನೆರೆಯವರ ಸ್ಥಾನದಲ್ಲಿ ಚಕ್ಕುಬಂದಿ ಇದೆ: ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು ಎಂದು ಪತ್ರದಲ್ಲಿ ಬರೆದದ್ದನ್ನು ಸ್ಥಳಕ್ಕೆ ಹೋಗಿ, ಟೇಪು ಹಿಡಿದು, ಪಕ್ಕದ ಮನೆಯವರೊಡನೆ ಮಾತಾಡಿ ಹೊಂದಿಸಿ ನೋಡಬೇಕು. ಈ ಅರ್ಧ ದಿನದ ಕೆಲಸವನ್ನು ಬಿಡುವವರೇ ಹೆಚ್ಚು. ದಾಯಾದರ ಸ್ಥಾನದಲ್ಲಿ ವಂಶವೃಕ್ಷ ಮತ್ತು ವಾರಸುದಾರರ ಸಹಿಗಳಿವೆ. ಮಿತಾಕ್ಷರಾ ಪಿತ್ರಾರ್ಜಿತದಲ್ಲಿ ಜನ್ಮದಿಂದಲೇ ಸ್ವತ್ವ ಎಂದಿತು, ಆದರೆ ಅದನ್ನು ಗಂಡುಮಕ್ಕಳಿಗೆ ಸೀಮಿತಗೊಳಿಸಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಅದೇ ಹಕ್ಕು ಕೊಟ್ಟಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ‘ಅಕ್ಕ ಮದುವೆಯಾಗಿ ಹೋಗಿದ್ದಾರೆ, ಅವರ ಸಹಿ ಯಾಕೆ’ ಎಂದು ಮಾರುವವರು ಹೇಳಿದರೆ ಅದನ್ನು ಒಪ್ಪಕೂಡದು. ಮುಂದೆ ದಾವೆ ಬರಬಹುದು ಎಂಬುದು ಒಂದು ಕಾರಣ. ಅವರ ಪಾಲನ್ನು ಅವರಿಗೆ ತಿಳಿಯದಂತೆ ಕೊಳ್ಳುವುದು ಅನ್ಯಾಯ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ನೆಲಕ್ಕೆ ಇನ್ನೂ ಹಿಂದಿನ ಚರಿತ್ರೆಯೂ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ ಅಸಿಂಧು ಎನ್ನುತ್ತದೆ ಕರ್ನಾಟಕದ 1978ರ ಪಿಟಿಸಿಎಲ್ ಕಾಯ್ದೆ. ಬಡವರ ಕಷ್ಟಕಾಲ ನೋಡಿ ಅಗ್ಗಕ್ಕೆ ಬರೆಸಿಕೊಂಡ ಜಮೀನುಗಳನ್ನು ಅವರಿಗೆ ಮರಳಿಸಲು ಬಂದ ಕಾನೂನು ಇದು. ಬಡಾವಣೆಯ ಸೈಟು ಕೊಳ್ಳುವವರು ಹಳೆಯ ಪಹಣಿ, ಮ್ಯುಟೇಶನ್, ಭೂಪರಿವರ್ತನೆ ಆದೇಶಗಳನ್ನು ತೆಗೆಸಿ, ಆ ನೆಲ ಮೊದಲು ಯಾರದಾಗಿತ್ತು, ಕೆರೆಯಂಗಳವೋ ರಾಜಕಾಲುವೆಯೋ ಆಗಿತ್ತೇ ಎಂದು ನೋಡಲೇಬೇಕು.

ತನ್ನದಲ್ಲದ್ದನ್ನು ಮಾರುವುದಕ್ಕೆ ಧರ್ಮಶಾಸ್ತ್ರದಲ್ಲಿ ಅಸ್ವಾಮಿವಿಕ್ರಯ ಎಂಬ ಪ್ರತ್ಯೇಕ ವ್ಯವಹಾರಪದವೇ (ವ್ಯಾಜ್ಯದ ವಿಭಾಗವೇ) ಇದೆ. ಅಲ್ಲಿ ಕೊಳ್ಳುವವರನ್ನೂ ಸುಮ್ಮನೆ ಬಿಡುವುದಿಲ್ಲ. ಗುಟ್ಟಾಗಿ, ತೀರಾ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ, ಅಂಥ ಆಸ್ತಿ ಇರಲು ಸಾಧ್ಯವಿಲ್ಲದವರಿಂದ ಕೊಂಡವನನ್ನು ಕಳ್ಳನೆಂದೇ ಎಣಿಸಬೇಕು ಎನ್ನುತ್ತದೆ ಯಾಜ್ಞವಲ್ಕ್ಯಸ್ಮೃತಿ. ಪರೀಕ್ಷಿಸುವುದು ಹಕ್ಕು ಮಾತ್ರವಲ್ಲ, ಕರ್ತವ್ಯ ಎಂಬುದು ಇದರ ತಿರುಳು; ಈ ಬರಹದ ವಾದವೂ ಅದೇ. ‘ನಾಳೆಯೊಳಗೆ ಅಡ್ವಾನ್ಸ್ ಕೊಡದಿದ್ದರೆ ಬೇರೆ ಪಾರ್ಟಿಗೆ ಹೋಗುತ್ತದೆ’ ಎಂಬ ಬ್ರೋಕರ್ ಮಾತು, ಸುತ್ತಲಿನ ದರಕ್ಕಿಂತ ಬಹಳ ಕಡಿಮೆ ಬೆಲೆ, ಮಾಲೀಕರ ಬದಲು ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಹಿಡಿದು ಬಂದವರು: ಇವು ಅಂದಿನ ಲಕ್ಷಣಗಳೇ ಇಂದಿನ ವೇಷದಲ್ಲಿ ಬಂದವು. ಜಿಪಿಎ ಮೂಲಕ ನಡೆಯುವ ‘ಮಾರಾಟ’ದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿದೆ. ಅಗ್ರಿಮೆಂಟ್ ಕೂಡ ಮುಂದೆ ಕ್ರಯ ಮಾಡಿಕೊಡುವ ಮಾತಷ್ಟೇ. ಅದರಿಂದಲೇ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಸ್ವತ್ವದ ಪ್ರಶ್ನೆ ಇನ್ನೊಂದು ರೂಪ ಪಡೆಯುತ್ತದೆ. ಅಲ್ಲಿ ನೆಲ ಯಾರೊಬ್ಬರದೂ ಪೂರ್ತಿ ಅಲ್ಲ. ಪ್ರತಿ ಫ್ಲಾಟಿಗೂ ನೆಲದಲ್ಲಿ ಅವಿಭಾಜ್ಯ ಪಾಲಿದೆ. ಒಟ್ಟು ಕುಟುಂಬದ ಆಸ್ತಿಯಂತೆಯೇ ‘ನನ್ನದು’ ಮತ್ತು ‘ನಮ್ಮದು’ ಇಲ್ಲಿ ಹೆಣೆದುಕೊಂಡಿವೆ. ಆ ಪಾಲು ಎಷ್ಟು ಚದರಡಿ, ಮೆಟ್ಟಿಲು, ತಾರಸಿ, ವಾಹನ ನಿಲುಗಡೆ ಯಾರ ಹೆಸರಿನಲ್ಲಿವೆ ಎಂಬುದು ಪತ್ರದಲ್ಲಿರಬೇಕು. ಕಟ್ಟುತ್ತಿರುವ ಕಟ್ಟಡವಾದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಕೊಳ್ಳುವವರ ಪರ ನಿಲ್ಲುತ್ತದೆ: ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಕೊಳ್ಳುವವರಿಂದ ಬಂದ ಹಣದಲ್ಲಿ ಶೇ 70ನ್ನು ಆ ಯೋಜನೆಗೇ ಮೀಸಲಾದ ಖಾತೆಯಲ್ಲಿಡಬೇಕು, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯ ದೋಷ ಕಂಡರೆ ಬಿಲ್ಡರೇ ಸರಿಪಡಿಸಿಕೊಡಬೇಕು. ಓಸಿ (ಸ್ವಾಧೀನಾನುಭವ ಪತ್ರ) ಇಲ್ಲದ ಕಟ್ಟಡಕ್ಕೆ ಹೋಗಿ ಸೇರುವುದು ಜಾಣತನವಲ್ಲ.

ಬೆಲೆಯ ವಿಷಯಕ್ಕೆ ಬಂದರೆ ಸತ್ಯದ ಪರೀಕ್ಷೆ ನಡೆಯುವುದು ಕ್ರಯಪತ್ರದಲ್ಲಿ ಬರೆಯುವ ಮೊತ್ತದಲ್ಲಿ. ಪತ್ರದಲ್ಲಿ ಒಂದು, ಕೈಯಲ್ಲಿ ಇನ್ನೊಂದು ಎಂಬುದು ಎಷ್ಟೋ ಕಡೆ ಸಹಜ ರೂಢಿಯಂತಾಗಿದೆ. ಹೋಮ ಮಾಡಿಸಿ ಮನೆ ಹೊಗುವವರೂ ಇದಕ್ಕೆ ಅಳುಕುವುದಿಲ್ಲ. ಇದು ಕದಿಯಬಾರದೆಂಬ ಅಸ್ತೇಯ ವ್ರತದ ಭಂಗ, ತೆರಿಗೆ ತಪ್ಪಿಸಿ ಕದ್ದದ್ದು ಸಮುದಾಯದಿಂದ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ವ್ಯವಹಾರ ಮುರಿದರೆ ನಗದಾಗಿ ಕೊಟ್ಟದ್ದಕ್ಕೆ ಪುರಾವೆಯಿಲ್ಲ.

ಕೊನೆಯದು ಋಣ. ಮಹಾಭಾರತದ ಯಕ್ಷಪ್ರಶ್ನೆಯಲ್ಲಿ ಸುಖಿ ಯಾರು ಎಂದು ಕೇಳಿದಾಗ ಯುಧಿಷ್ಠಿರ ಹೇಳುವ ಉತ್ತರದಲ್ಲಿ ಮನೆಯೂ ಇದೆ, ಸಾಲವೂ ಇದೆ: ಸ್ವಂತ ಮನೆಯಲ್ಲಿ ಸೊಪ್ಪು ಬೇಯಿಸಿಕೊಂಡರೂ ಸರಿ, ಸಾಲವಿಲ್ಲದವನು ಸುಖಿ. ಇಂದು ಸ್ವಂತ ಮನೆ ಬೇಕೆನ್ನುವವರು ಬಹುತೇಕ ಸಾಲಗಾರರಾಗಿಯೇ ಅದನ್ನು ಪಡೆಯಬೇಕು. ಎರಡು ಸುಖಗಳೂ ಒಟ್ಟಿಗೆ ಸಿಗದಾಗ ಯಾವುದಕ್ಕೆ ಎಷ್ಟು ಬಿಟ್ಟುಕೊಡಬೇಕು ಎಂಬುದು ಪ್ರತಿ ಕುಟುಂಬ ಕೂತು ತೀರ್ಮಾನಿಸಬೇಕಾದ ಮಾತು. 50 ಲಕ್ಷ ರೂಪಾಯಿಯನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 43,400 ರೂಪಾಯಿ. ಮೊದಲ ಕಂತಿನಲ್ಲಿ 35,400 ರೂಪಾಯಿಯಷ್ಟು ಬಡ್ಡಿಗೇ ಹೋಗುತ್ತದೆ. ಅವಧಿ ಮುಗಿಯುವಾಗ ಕಟ್ಟಿದ ಬಡ್ಡಿ 54 ಲಕ್ಷ, ಅಸಲಿಗಿಂತ ಹೆಚ್ಚು. ಒಮ್ಮೆಗೆ ವಸೂಲಿಮಾಡುವ ಬಡ್ಡಿ ಅಸಲನ್ನು ಮೀರಕೂಡದೆಂಬ ಧರ್ಮಶಾಸ್ತ್ರದ ಹಳೆಯ ನಿಯಮ ತಿಂಗಳಿಗೊಮ್ಮೆ ಕಟ್ಟುವ ಕಂತನ್ನು ತಡೆಯುವುದಿಲ್ಲ. ಬಡ್ಡಿಯನ್ನೇ ನಿಷಿದ್ಧವೆಂದು ಕಾಣುವ ಮುಸ್ಲಿಂ ಕುಟುಂಬಗಳಿಗೆ ಈ ದಾರಿಯೇ ಒಂದು ಧರ್ಮಸಂಕಟ. ಉಳಿತಾಯ, ಬಂಧುಗಳ ಕೈಸಾಲ, ತಡವಾದ ಮನೆ ಅವರಲ್ಲಿ ಹಲವರ ಆಯ್ಕೆ.

ಜೈನ ಶ್ರಾವಕರ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಗೃಹಸ್ಥರು ಆಸ್ತಿಯನ್ನೇ ಬಿಡಬೇಕೆಂದು ಅದು ಹೇಳುವುದಿಲ್ಲ. ಮಿತಿಯನ್ನು ಮೊದಲೇ ತಾವೇ ಹಾಕಿಕೊಳ್ಳಬೇಕು ಎನ್ನುತ್ತದೆ. ತತ್ತ್ವಾರ್ಥಸೂತ್ರ ಆ ಮಿತಿಯ ಪಟ್ಟಿಯನ್ನು ಆರಂಭಿಸುವುದೇ ಹೊಲ ಮತ್ತು ಮನೆಯಿಂದ. ಎಷ್ಟು ಸಾಲ ಸಿಗುತ್ತದೆ ಎಂದು ಬ್ಯಾಂಕನ್ನು ಕೇಳುವ ಮೊದಲು ಎಷ್ಟು ಮನೆ ಸಾಕು ಎಂದು ತಮ್ಮನ್ನು ಕೇಳಿಕೊಳ್ಳುವುದು ಯಾವ ಮತದವರಿಗೂ ಹೊಂದುವ ಕ್ರಮ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆಯ ಬೆಲೆಯ ಶೇ 90ನ್ನು, 75 ಲಕ್ಷಕ್ಕೂ ಮೀರಿದ್ದು ಶೇ 75ನ್ನು ದಾಟುವಂತಿಲ್ಲ. ಉಳಿದದ್ದು, ಅದರ ಜೊತೆಗೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕೈಯಿಂದಲೇ ಬರಬೇಕು.

ಸ್ವಾಧೀನ ಪಡೆದ ಮೇಲೆ ಹಾಲು ಉಕ್ಕಿಸುವುದು, ವಾಸ್ತುಶಾಂತಿ ನಡೆಯುತ್ತವೆ. ಋಗ್ವೇದದಲ್ಲಿ ವಾಸ್ತೋಷ್ಪತಿಯನ್ನು ಸ್ತುತಿಸುವ ಸೂಕ್ತಗಳಿವೆ. ಮನೆಗೆ ಅದರದೇ ಒಡೆಯನೊಬ್ಬನಿದ್ದಾನೆ, ಮನುಷ್ಯರು ಅವನ ಕೃಪೆಯಲ್ಲಿ ಅಲ್ಲಿರುತ್ತಾರೆ ಎಂಬ ಭಾವ ಅವುಗಳದು. ಕರಾವಳಿಯಲ್ಲಿ ನಾಗಬನವಿರುವ ಜಾಗ ಕೊಂಡವರಿಗೆ ಅದರ ಪೂಜೆಯ ಹೊಣೆಯೂ ಬರುತ್ತದೆ. ಅಡುಗೆಮನೆಯ ದಿಕ್ಕಿಗಾಗಿ ಗೋಡೆ ಒಡೆಸುವುದಕ್ಕಿಂತ ಈ ವಿನಯ ಹೆಚ್ಚು ಮುಖ್ಯ.

ಕ್ರಯಪತ್ರ ನೋಂದಣಿಯಾದ ನಂತರ ಖಾತೆ, ಕಂದಾಯ, ವಿದ್ಯುತ್ ಮೀಟರ್ ಹೊಸ ಹೆಸರಿಗೆ ಬದಲಾಗಬೇಕು. ಸಾಲವಿದ್ದರೆ ಮೂಲ ಕಾಗದಗಳು ಬ್ಯಾಂಕಿನಲ್ಲಿರುತ್ತವೆ. ಕೊನೆಯ ಕಂತು ತೀರಿದ 30 ದಿನದೊಳಗೆ ಬ್ಯಾಂಕು ಅವನ್ನು ಮರಳಿಸಬೇಕು. ತನ್ನ ತಪ್ಪಿನಿಂದ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯನ್ನೂ ನೋಂದಾಯಿಸಿ, ಹೊಸ ಇಸಿ ತೆಗೆಸಿ, ಆ ಋಣ ಕಳೆದದ್ದು ಅದರಲ್ಲಿ ಬಂದಿದೆಯೇ ಎಂದು ನೋಡಬೇಕು.